ದುರ್ಗದ ಇಬ್ಬರು ಫಾರ್ವರ್ಡ್‌ಗಳು

ಚಿತ್ತಮ್ಮ ಇಪ್ಪತ್ತಾರು ವರ್ಷ ತುಂಬುವವರೆಗೂ ಫುಟ್‌ಬಾಲ್ ಚೆಂಡನ್ನು ಕಣ್ಣಾರೆ ಕಂಡವಳಲ್ಲ. ಆದರೂ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷ, ಎಪ್ಪತ್ನಾಲ್ಕರಲ್ಲಿ, ಅವಳ ಕೈಯಲ್ಲಿ ಹನ್ನೊಂದು ಜನರ ಒಂದು ತಂಡವಿತ್ತು. ಆ ತಂಡ ಒಂದರ ಹಿಂದೊಂದು ಏಳು ಪಂದ್ಯ ಸೋತಿತ್ತು.

ಅವಳು ಧರ್ಮಪುರದ ಕಡೆಯ ಗೊಲ್ಲರ ಹಟ್ಟಿಯ ಹುಡುಗಿ. ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲ ಹೆಣ್ಣು. ಚಿತ್ರದುರ್ಗದಲ್ಲಿ ಟೆಲಿಫೋನ್ ಆಪರೇಟರ್ ಕೆಲಸದ ಸಂದರ್ಶನಕ್ಕೆ ಹೋದಾಗ ಎದುರು ಕೂತವರು ಸ್ವಲ್ಪ ಗಟ್ಟಿಯಾಗಿ ಮಾತಾಡಮ್ಮ ಎಂದರಂತೆ. ಚಿಕ್ಕಂದಿನಿಂದ ಮೂರು ಹೊಲದಾಚೆಯ ಕುರಿಗಳನ್ನು ಕೂಗಿ ಕರೆದ ಗಂಟಲು ಅದು. ಅವಳು ಗಟ್ಟಿಯಾಗಿ ಮಾತಾಡಿದ ಮೇಲೆ ಎರಡನೆಯ ಪ್ರಶ್ನೆ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆಗ ಒಂದೂರಿನಿಂದ ಇನ್ನೊಂದೂರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಹೇಳಿ ಕಾಯಬೇಕಿತ್ತು. ಚಿತ್ತಮ್ಮ ತಲೆಗೆ ಹೆಡ್‌ಸೆಟ್ಟು ಏರಿಸಿ, ತೂತುಗಳ ಬೋರ್ಡಿನ ಮುಂದೆ ಕೂತು, ಒಂದು ತೂತಿನಿಂದ ಇನ್ನೊಂದಕ್ಕೆ ಪ್ಲಗ್ಗು ಚುಚ್ಚಿ ಮಾತು ಸೇರಿಸುತ್ತಿದ್ದಳು. ಹಿರಿಯೂರಿನ ಬೋರ್ಡಿನಲ್ಲಿ ಹನುಮಮ್ಮ, ಹೊಳಲ್ಕೆರೆಯಲ್ಲಿ ಗೋವಿಂದಪ್ಪ, ಹೊಸದುರ್ಗದಲ್ಲಿ ಕಾಟಲಿಂಗಪ್ಪ. ನಾಲ್ಕು ವರ್ಷದಿಂದ ದಿನಕ್ಕೆ ನೂರು ಸಲ ಮಾತಾಡಿದರೂ ಈ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹೆಸರು ಹಿಡಿದು ಕರೆಯುವ ರೂಢಿಯೂ ಕಡಿಮೆ. ‘ಹಿರಿಯೂರು, ಊಟ ಆಯ್ತಾ?’ ‘ಆಯ್ತು ದುರ್ಗ, ನಿಂದು?’ ಹೀಗೆ.

ಆಟವನ್ನು ಹುಟ್ಟಿಸಿದವನು ಹೊಸದುರ್ಗದ ಕಾಟಲಿಂಗಪ್ಪ. ಮತ್ತೋಡಿನವನು. ಭದ್ರಾವತಿಯಲ್ಲಿ ಅಕ್ಕನ ಮನೆಯಲ್ಲಿದ್ದು ಓದುವಾಗ ಫುಟ್‌ಬಾಲಿನ ಹುಚ್ಚು ಹಿಡಿಸಿಕೊಂಡಿದ್ದ. ಆ ವರ್ಷ ಜರ್ಮನಿಯಲ್ಲಿ ವಿಶ್ವಕಪ್ ನಡೆದು, ಅದರ ಸುದ್ದಿ ಪತ್ರಿಕೆಯಲ್ಲಿ ಎರಡೆರಡು ಸಾಲು ಬರುತ್ತಿದ್ದದ್ದು ಅವನಿಗೆ ಸಾಲಲಿಲ್ಲ. ಹೊಸದುರ್ಗದಲ್ಲಿ ಮೈದಾನವಿಲ್ಲ, ಚೆಂಡಿಲ್ಲ, ಆಡುವವರಂತೂ ಇಲ್ಲವೇ ಇಲ್ಲ. ಹಾಗಾಗಿ ಕಾಗದದ ಮೇಲೆ ಆಡೋಣ ಎಂದ. ನಾಲ್ಕೂ ಊರಿನವರು ತಮ್ಮ ತಮ್ಮ ಊರಲ್ಲಿ ನಿಜವಾಗಿ ಬಲ್ಲ ಹನ್ನೊಂದು ಜನರನ್ನು ಆರಿಸಿ, ಒಬ್ಬೊಬ್ಬರ ಹೆಸರಿಗೆ ಒಂದು ಚೀಟಿ ಮಾಡಿಕೊಳ್ಳಬೇಕು. ಆರಿಸಿಕೊಂಡವರಿಗೆ ಅದು ಗೊತ್ತಿರಬೇಕೆಂದಿಲ್ಲ. ಹೊಳಲ್ಕೆರೆಯ ಪೋಸ್ಟ್‌ಮಾಸ್ಟರು ಗೋವಿಂದಪ್ಪನ ತಂಡದ ಗೋಲ್‌ಕೀಪರ್ ಆಗಿ ಎಲ್ಲ ಪಂದ್ಯವೂ ಆಡಿದರು. ಸಾಯುವವರೆಗೂ ಅವರಿಗೆ ಅದು ತಿಳಿಯಲಿಲ್ಲ.

ಆಟದ ಗುಟ್ಟೆಲ್ಲ ಇದ್ದದ್ದು ಮುಂದೆ ನಿಂತು ಗೋಲು ಹೊಡೆಯುವ ಇಬ್ಬರು ಫಾರ್ವರ್ಡ್‌ಗಳಲ್ಲಿ. ಒಬ್ಬೊಬ್ಬರಿಗೂ ಬಲ, ಗುರಿ ಎಂದು ಎರಡು ಅಂಕಿ. ಜೋಡಿಯ ಅಂಕಿಗಳೆಲ್ಲ ಸೇರಿ ಇಪ್ಪತ್ತು ದಾಟಬಾರದು. ನುಗ್ಗಿದರೆ ಬಲದ ಅಂಕಿಗೆ, ಒದ್ದರೆ ಗುರಿಯ ಅಂಕಿಗೆ ಆರು ಕವಡೆ ಹಾಕಿ, ಮೇಲ್ಮುಖ ಬಿದ್ದಷ್ಟು ಸೇರಿಸಿ, ಹತ್ತು ಮುಟ್ಟಿದರೆ ಗೋಲು. ಎದುರಾಳಿಗೆ ಇಬ್ಬರು ಕಾವಲುಗಾರರು. ಅವರನ್ನು ಯಾರ ಮೇಲೆ ನಿಲ್ಲಿಸುತ್ತೇನೆಂದು ಅವನು ಮೊದಲೇ ಹೇಳಬೇಕು. ಒಬ್ಬ ಕಾವಲುಗಾರ ನಿಂತರೆ ಮೂರು ಅಂಕಿ ಕಡಿತ. ಬಲ ಎಂಟು ದಾಟಿದವರಿಗೆ ಮಾತ್ರ ಮೊದಲನೆಯ ಕಾವಲುಗಾರ ಲೆಕ್ಕಕ್ಕಿಲ್ಲ. ಈ ಕೊನೆಯ ನಿಯಮವನ್ನು ಬರೆದ ಕಾಟಲಿಂಗಪ್ಪನೇ ಮರೆತಿದ್ದ, ಯಾಕೆಂದರೆ ಎಲ್ಲರೂ ಒಬ್ಬನಿಗೇ ಅಷ್ಟು ಬಲ ಕೊಡದೆ ಇಬ್ಬರಿಗೂ ಸಮನಾಗಿ ಹಂಚಿಬಿಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಪೇಟೆ ಮುಚ್ಚಿ, ಟ್ರಂಕ್ ಕಾಲ್‌ಗಳು ಇಲ್ಲವೆನ್ನುವಷ್ಟು ಕಡಿಮೆಯಾದಾಗ ಪಂದ್ಯ. ಚಿತ್ತಮ್ಮ ದುರ್ಗದ ಬೋರ್ಡಿನಲ್ಲಿ ಮೂರೂ ಊರಿನ ಲೈನು ಒಟ್ಟಿಗೆ ಸೇರಿಸುತ್ತಿದ್ದಳು. ಆಡದೆ ಕೂತ ಊರಿನವರು ರೆಫರಿ; ಕವಡೆ ಹಾಕುವುದು ಅವರ ಕೆಲಸ. ಹೊಳಲ್ಕೆರೆಯ ಮೇಜಿನ ಮೇಲೆ ಗೋವಿಂದಪ್ಪ ಕವಡೆ ಚೆಲ್ಲಿದರೆ ಇಪ್ಪತ್ತು ಮೈಲಿ ತಂತಿಯೊಳಗೆ ಆ ಸದ್ದು ಗಲಗಲ ಹರಿದು ಬಂದು ಚಿತ್ತಮ್ಮನ ಕಿವಿಗೆ ಕಚಗುಳಿ ಇಡುತ್ತಿತ್ತು. ನಡುವೆ ಯಾರಾದರೂ ಕಾಲ್ ಕೇಳಿದರೆ ಚೆಂಡು ಎಲ್ಲೇ ಇರಲಿ ಆಟ ನಿಲ್ಲಬೇಕು. ಆ ವಿಷಯದಲ್ಲಿ ನಾಲ್ವರೂ ಕಟ್ಟುನಿಟ್ಟು.

ಚಿತ್ತಮ್ಮ ಆರಿಸಿದ್ದು ಕೋಟೆ ಕೆಳಗಿನ ಗರಡಿಯ ಇಬ್ಬರು ಹುಡುಗರನ್ನು. ಇಬ್ಬರೂ ಒಂದೇ ಎತ್ತರ, ಒಂದೇ ಮೈಕಟ್ಟು; ಬಲ, ಗುರಿ ಎಲ್ಲಕ್ಕೂ ಐದೈದು. ಕಾಟಲಿಂಗಪ್ಪ ಆರೂ ಕವಡೆ ಬಿದ್ದರೂ ಹತ್ತು ಮುಟ್ಟದ ಹಾಗೆ ಒಬ್ಬೊಬ್ಬರ ಮೇಲೆ ಒಬ್ಬ ಕಾವಲು ನಿಲ್ಲಿಸಿ, ಉಳಿದ ಹೊತ್ತು ಟೀ ಕುಡಿಯುತ್ತಿದ್ದ. ಅವನು ಟೀ ಸೊರ್ರೆಂದು ಹೀರುವ ಸದ್ದೂ ಕೇಳಿಸುತ್ತಿತ್ತು. ಏಳನೆಯ ಸೋಲಿನ ದಿನ ಚಿತ್ತಮ್ಮ ಹೆಡ್‌ಸೆಟ್ಟು ಕಳಚಿಟ್ಟವಳು ರಾತ್ರಿ ಊಟಕ್ಕೂ ಏಳಲಿಲ್ಲ.

ಆ ವಾರ ರಜೆ ಹಾಕಿ ಹಟ್ಟಿಗೆ ಹೋದಳು. ಅಲ್ಲಿ ಅವಳ ಅಜ್ಜಿ ಜುಂಜಮ್ಮ ಎಪ್ಪತ್ತು ದಾಟಿದರೂ ಕುರಿ ಹಿಂದೆ ಹೋಗುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಅಜ್ಜಿಯ ಜೊತೆ ಚಿತ್ತಮ್ಮನೂ ಹೊರಟಳು. ದಾರಿಯ ಎಡಕ್ಕೆ ಯಾರದೋ ಕಡ್ಲೇಕಾಯಿ ಹೊಲ ಹಸಿರಾಗಿ ನಿಂತಿತ್ತು. ಮಂದೆಯ ಮುಂದಿದ್ದ ಎರಡು ಟಗರು ಅತ್ತ ಮೂತಿ ತಿರುಗಿಸಿದವು. ಅಜ್ಜಿ ಕೂಗಲಿಲ್ಲ, ಓಡಲಿಲ್ಲ. ಕಂಬಳಿ ಹೊದ್ದು ಬದುವಿನ ಮೇಲೆ ಹೋಗಿ ನಿಂತಳು, ಅಷ್ಟೇ. ಎರಡೂ ಟಗರು ಕಾಲು ಕಿತ್ತಿಡಲಾರದೆ ಅವಳನ್ನೇ ನೋಡುತ್ತ ನಿಂತುಬಿಟ್ಟವು. ಅಷ್ಟರಲ್ಲಿ ಚಿಕ್ಕಪ್ಪ ಹಿಂದಿನಿಂದ ಸದ್ದಿಲ್ಲದೆ ಬಂದು ಉಳಿದ ಕುರಿಗಳನ್ನೆಲ್ಲ ಪಕ್ಕದ ಓಣಿಗೆ ದಾಟಿಸಿಬಿಟ್ಟಿದ್ದ.

ಚಿತ್ತಮ್ಮನ ಕೈಯಲ್ಲಿದ್ದ ಬುತ್ತಿ ಕೆಳಗೆ ಬಿತ್ತು. ಅವಳು ಆ ಎರಡು ಟಗರುಗಳನ್ನು ನೋಡಿದಳು; ಅವು ಟಗರಲ್ಲ, ಕಾಟಲಿಂಗಪ್ಪನ ಇಬ್ಬರು ಕಾವಲುಗಾರರು. ಇಷ್ಟು ದಿನ ತಾನು ಕಳಿಸಿದ್ದು ಇಬ್ಬರೂ ಓಡುವವರನ್ನೇ. ಒಬ್ಬರು ನಿಂತು ಕಾವಲನ್ನೆಲ್ಲ ತಮ್ಮ ಮೇಲೆ ಎಳೆದುಕೊಂಡರೆ ತಾನೇ ಇನ್ನೊಬ್ಬನಿಗೆ ದಾರಿ ಸಿಗುವುದು. ಬಿದ್ದ ಮುದ್ದೆಯ ಮಣ್ಣು ಒರೆಸುತ್ತ ಅವಳು ನಗತೊಡಗಿದಳು. ಯಾಕೆ ನಗುತ್ತೀಯೆಂದು ಅಜ್ಜಿ ಕೇಳಿದ್ದಕ್ಕೆ, ನಿನಗೆ ಕೆಲಸ ಸಿಕ್ಕಿದೆ ಎಂದಷ್ಟೇ ಹೇಳಿದಳು.

ಮುಂದಿನ ಭಾನುವಾರ ಚಿತ್ತಮ್ಮ ತನ್ನ ಹೊಸ ಜೋಡಿಯ ಹೆಸರು ಓದಿದಳು. ಮೊದಲನೆಯ ಫಾರ್ವರ್ಡ್ ಜುಂಜಮ್ಮ: ಬಲ ಒಂಬತ್ತು, ಗುರಿ ಒಂದು. ಎರಡನೆಯವನು ಎಕ್ಸ್‌ಚೇಂಜಿನ ಲೈನ್‌ಮನ್ ದಾಸಣ್ಣ: ಬಲ ಮೂರು, ಗುರಿ ಏಳು. ದಾಸಣ್ಣನ ಬಗ್ಗೆ ತಕರಾರಿರಲಿಲ್ಲ. ಅವನು ಗಾಳಿ ಬೀಸಿದರೆ ಬಾಗುವಂಥ ಸಣಕಲ. ಆದರೆ ಕಂಬದ ತುದಿಯಿಂದ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರನ್ನು ಕೆಳಗಿನ ಚೀಲದೊಳಕ್ಕೇ ಬೀಳುವ ಹಾಗೆ ಎಸೆಯುವುದು ಇಲಾಖೆಗೆಲ್ಲ ಗೊತ್ತಿತ್ತು. ತಕರಾರು ಬಂದದ್ದು ಅಜ್ಜಿಯ ಮೇಲೆ.

“ಹೆಂಗಸ್ರು ಆಡಬಾರ್ದು ಅಂತ ನಾನು ಬರೆದಿಲ್ಲ, ಒಪ್ಕಂತೀನಿ,” ಎಂದ ಕಾಟಲಿಂಗಪ್ಪ. “ಆದ್ರೆ ಎಪ್ಪತ್ತು ದಾಟಿದ ಮುದುಕೀಗೆ ಬಲ ಒಂಬತ್ತಾ? ಸಾಕ್ಷಿ ಐತಾ ದುರ್ಗ?”

ಸಾಕ್ಷಿ ಹೇಳಿದವಳು ಹಿರಿಯೂರಿನ ಹನುಮಮ್ಮ. ಹಿಂದಿನ ವರ್ಷ ಎರಡು ಕುರಿಮರಿಗಳನ್ನು ಬಸ್ಸಿಗೆ ಹತ್ತಿಸುವುದಿಲ್ಲವೆಂದು ಕಂಡಕ್ಟರು ಹಟ ಮಾಡಿದಾಗ, ಧರ್ಮಪುರದ ಒಬ್ಬ ಮುದುಕಿ ಬಸ್ಸಿನ ಎದುರು ಮುಕ್ಕಾಲು ಗಂಟೆ ಸುಮ್ಮನೆ ನಿಂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಡ್ರೈವರು ಹಾರನ್ ಒತ್ತಿ ಒತ್ತಿ ಸುಸ್ತಾದ, ಪ್ಯಾಸೆಂಜರುಗಳು ಇಳಿದು ಕೈಮುಗಿದರು, ಮುದುಕಿ ಜಗ್ಗಲಿಲ್ಲ. ಕಡೆಗೆ ಕುರಿಮರಿಗಳು ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೋದವು. ಅದು ನಮ್ಮಜ್ಜಿಯೇ ಎಂದಳು ಚಿತ್ತಮ್ಮ. ಆಮೇಲೆ ಗೋವಿಂದಪ್ಪ ತನ್ನ ಮೆತ್ತನೆಯ ದನಿಯಲ್ಲಿ, ಬಸ್ಸನ್ನೇ ತಡೆದವರಿಗೆ ಒಂಬತ್ತು ಕಡಿಮೆಯೇ ಆಯಿತು ಎಂದು ತೀರ್ಪು ಕೊಟ್ಟ.

ಅವತ್ತು ಕಾಟಲಿಂಗಪ್ಪನ ಟೀ ಆರಿಹೋಯಿತು. ಅಜ್ಜಿಯ ಮೇಲೆ ಒಬ್ಬನನ್ನು ನಿಲ್ಲಿಸಿದರೆ ಅವನು ಲೆಕ್ಕಕ್ಕಿಲ್ಲ. ಅವಳು ಗೋಲಿನೊಳಕ್ಕೇ ನುಗ್ಗುತ್ತಾಳೆ. ಇಬ್ಬರನ್ನೂ ನಿಲ್ಲಿಸಿದರೆ ಆಚೆ ದಾಸಣ್ಣ ಒಂಟಿಯಾಗಿ ನಿಂತು, ಕವಡೆ ಮೂರು ಬಿದ್ದರೂ ಸಾಕು, ಹೊಡೆಯುತ್ತಾನೆ. ದುರ್ಗ ಐದು, ಹೊಸದುರ್ಗ ಸೊನ್ನೆ. ಚಿತ್ತಮ್ಮ ಕುರ್ಚಿಯ ಮೇಲೇ ಒಂದು ಸುತ್ತು ತಿರುಗಿ, ಹೆಡ್‌ಸೆಟ್ಟಿನ ವೈರು ಕೊರಳಿಗೆ ಸುತ್ತಿಕೊಂಡು ಬಿಡಿಸಲಾರದೆ, ಅದೇ ಸ್ಥಿತಿಯಲ್ಲಿ ಒಂದು ಅರ್ಜೆಂಟ್ ಕಾಲ್ ಕೂಡಿಸಿದಳು.

ಅಲ್ಲಿಂದ ಮುಂದಕ್ಕೆ ಒಂಬತ್ತು ಪಂದ್ಯ ಗೆದ್ದಳು. ಅವಳ ಜೋಡಿಗೆ ‘ನಿಲ್ಲೋರು-ಹೊಡೆಯೋರು’ ಎಂಬ ಹೆಸರೇ ಬಿತ್ತು. ನೋಡಿ ನೋಡಿ ಉಳಿದವರೂ ಕಲಿತರು. ಕಾಟಲಿಂಗಪ್ಪ ಮತ್ತೋಡಿನ ಒಬ್ಬ ಕುಸ್ತಿ ಪೈಲ್ವಾನನನ್ನು ನಿಲ್ಲುವುದಕ್ಕೂ, ಕವಣೆ ಬೀಸುವುದರಲ್ಲಿ ಹೆಸರಾದ ಒಬ್ಬನನ್ನು ಹೊಡೆಯುವುದಕ್ಕೂ ಹಾಕಿಕೊಂಡ. ಕೊನೆಗೆ ಫೈನಲ್ಲಿಗೆ ಉಳಿದದ್ದು ದುರ್ಗ ಮತ್ತು ಹೊಸದುರ್ಗ.

ಆಗ ಆಯಿತು ಎಡವಟ್ಟು. ಅದರ ಬೀಜ ಕೆಲವು ವಾರ ಮೊದಲೇ ಬಿದ್ದಿತ್ತು. ದುರ್ಗದಲ್ಲಿ ಎಣ್ಣೆ ಗಾಣದ ಮಿಲ್ಲು ನಡೆಸುತ್ತಿದ್ದ ಚಿತ್ರಲಿಂಗಪ್ಪ ಒಂದು ಭಾನುವಾರ ಹುಬ್ಬಳ್ಳಿಗೆ ಕಾಲ್ ಹೇಳಿ ಕಾಯುತ್ತಿದ್ದರು. ಚಿತ್ತಮ್ಮ ಅವರ ಪ್ಲಗ್ಗು ಕೀಳುವುದನ್ನು ಮರೆತಳು. ಹಿರಿಯೂರಿನ ಮೇಲಿನ ಪಂದ್ಯ ಅವರ ಕಿವಿಯಲ್ಲಿ ಪೂರ್ತಿ ನಡೆಯಿತು. ಹುಬ್ಬಳ್ಳಿ ಸಿಕ್ಕಾಗ ಅವಳು ಮಾತಾಡ್ರಿ ಎಂದರೆ, ಅವರು, “ತಡಿಯಮ್ಮ, ಹುಬ್ಬಳ್ಳಿ ಎಲ್ಲೂ ಓಡಿಹೋಗಲ್ಲ. ದಾಸಣ್ಣ ಹೊಡೆದ್ನೋ ಇಲ್ವೋ ಅದನ್ನ ಹೇಳು,” ಎಂದರು. ಆ ಮೇಲೆ ಪ್ರತಿ ಭಾನುವಾರ ಸ್ಕೋರು ಕೇಳುವುದು ಅವರಿಗೆ ಚಟವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಂತೋಷ ತಡೆಯಲಾರದೆ ಅವರು ಎಕ್ಸ್‌ಚೇಂಜಿನ ಮೇಲ್ವಿಚಾರಕರಿಗೆ ಒಂದು ಮೆಚ್ಚುಗೆಯ ಕಾಗದ ಬರೆದರು. ತಮ್ಮ ಇಲಾಖೆಯು ಚಂದಾದಾರರಿಗಾಗಿ ನಡೆಸುತ್ತಿರುವ ಫುಟ್‌ಬಾಲ್ ಸೇವೆ ಬಹಳ ಸೊಗಸಾಗಿದೆ, ಇದನ್ನು ಬುಧವಾರಕ್ಕೂ ವಿಸ್ತರಿಸಬೇಕೆಂದು ಪ್ರಾರ್ಥನೆ.

ಮೇಲ್ವಿಚಾರಕರು ಚಿತ್ತಮ್ಮನನ್ನು ಕರೆದು ಕಾಗದವನ್ನು ಜೋರಾಗಿ ಓದಿದರು. ‘ವಿಸ್ತರಿಸಬೇಕೆಂದು’ ಎಂಬಲ್ಲಿ ಅವರ ದನಿ ಒಂದಿಷ್ಟು ನಡುಗಿತು. ಸಿಟ್ಟಿಗೋ ನಗುವಿಗೋ ಅವಳಿಗೆ ತಿಳಿಯಲಿಲ್ಲ. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ತಪ್ಪು ತನ್ನದು, ಲೈನು ಸೇರಿಸಿದ್ದು ತಾನು, ಒಂದು ಟ್ರಂಕ್ ಕಾಲನ್ನೂ ತಡ ಮಾಡಿಲ್ಲ. ಅವರು ಕಾಲ್ ಬರೆದಿಡುವ ಪುಸ್ತಕ ತರಿಸಿ ನೋಡಿದರು, ತಡವಾಗಿರಲಿಲ್ಲ. ಇಲಾಖೆಯ ಲೈನು ಇಲಾಖೆಯ ಕೆಲಸಕ್ಕೆ, ಇನ್ನು ಮುಂದೆ ಒಂದು ಕವಡೆಯ ಸದ್ದೂ ಕೇಳಕೂಡದು ಎಂದು ಎಚ್ಚರಿಸಿ ಕಳಿಸಿದರು. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು, “ಆ ಅಜ್ಜೀಗೆ ನಿಜವಾಗ್ಲೂ ಬಲ ಒಂಬತ್ತೇನಮ್ಮ?”

ಹಿಂದಿನ ಭಾನುವಾರ ಅರ್ಧ ಆಡಿದ್ದ ಫೈನಲ್ ಅಲ್ಲಿಗೇ ನಿಂತಿತು. ತಮ್ಮ ಕಾಗದದಿಂದಲೇ ಹೀಗಾಯಿತೆಂದು ತಿಳಿದ ಚಿತ್ರಲಿಂಗಪ್ಪ ಎರಡು ದಿನ ಮಿಲ್ಲಿಗೆ ಬರಲಿಲ್ಲವಂತೆ. ಮೂರನೆಯ ದಿನ ಎಕ್ಸ್‌ಚೇಂಜಿನ ಬಾಗಿಲಿಗೇ ಬಂದು, ತಂತಿ ಬೇಡವೆಂದರೆ ಬೇಡ, ನಾಲ್ಕೂ ಊರಿನವರನ್ನು ನಮ್ಮ ಮಿಲ್ಲಿನ ಅಂಗಳಕ್ಕೇ ಕರೆಸಿಬಿಡಮ್ಮ ಎಂದರು. ನಾಲ್ವರಿಗೂ ಒಟ್ಟಿಗೆ ಬಿಡುವು ಸಿಕ್ಕಿದ್ದು ಕಾರ್ತೀಕದ ಒಂದು ಭಾನುವಾರ.

ಅವತ್ತು ಬೆಳಿಗ್ಗೆಯಿಂದ ಚಿತ್ತಮ್ಮ ಮಿಲ್ಲಿನ ಗೇಟಿನಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ಮೊದಲು ಬಂದವನು ಛತ್ರಿ ಹಿಡಿದ ಒಬ್ಬ ಕುಳ್ಳ, ಅವಳ ಹೆಗಲಷ್ಟು ಎತ್ತರ. ಮಿಲ್ಲಿನ ಗುಮಾಸ್ತನಿರಬೇಕೆಂದು ಅಲ್ಲೇ ಮೂಲೆಯಲ್ಲಿ ಕುಂತ್ಕಳ್ರಿ ಎಂದಳು. ಅವನು ಛತ್ರಿ ಮಡಿಸಿ, “ಹೊಸದುರ್ಗ ಮಾತಾಡ್ತಾ ಐತೆ,” ಎಂದ.

ಅವಳು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಆರಡಿ ಆಳಿನ ಗಡಸು ಗಂಟಲು ಆ ಪುಟ್ಟ ಎದೆಯಿಂದ ಬರುತ್ತಿತ್ತು. ಗೋವಿಂದಪ್ಪನ ಮೆತ್ತನೆಯ ದನಿ ಕೇಳಿ ಎಳೆ ವಯಸ್ಸಿನವನೆಂದುಕೊಂಡಿದ್ದರೆ, ಬಂದವರು ತಲೆಯೆಲ್ಲ ಬೆಳ್ಳಗಾದ ಮೊಮ್ಮಕ್ಕಳ ತಾತ. ಹನುಮಮ್ಮ ಮಾತ್ರ ಬಂದವಳೇ ಚಿತ್ತಮ್ಮನನ್ನು ತಬ್ಬಿಕೊಂಡಳು. ಧರ್ಮಪುರದಿಂದ ಹೊರಟ ಜುಂಜಮ್ಮನನ್ನು ಹಿರಿಯೂರಿನಲ್ಲಿ ಕೂಡಿಕೊಂಡು, ಅಜ್ಜಿಯನ್ನು ಕೈಹಿಡಿದು ಕರೆತಂದವಳೂ ಅವಳೇ.

ಎದುರುಬದುರು ಕೂತರೆ ಮಾತೇ ಹೊರಡಲಿಲ್ಲ. ನಾಲ್ಕು ವರ್ಷ ಮನೆಮಂದಿಯ ಹಾಗೆ ಹರಟಿದವರು ಈಗ ಹೊಸ ಬೀಗರ ಹಾಗೆ ನೆಲ ನೋಡುತ್ತಿದ್ದರು. ಆಮೇಲೆ ಹನುಮಮ್ಮನಿಗೆ ಹೊಳೆಯಿತು, ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರೋಣ ಎಂದಳು. ಟಾರ್ಪಾಲಿನ ಮೇಲೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತದ್ದೇ ತಡ, ನಾಲ್ವರ ಬಾಯಿಯೂ ಒಟ್ಟಿಗೆ ಬಿಚ್ಚಿಕೊಂಡಿತು. ಚಿತ್ರಲಿಂಗಪ್ಪ ಕಡ್ಲೇಕಾಯಿ ಮೂಟೆಗೆ ಒರಗಿ ಕಣ್ಣು ಮುಚ್ಚಿದರು. ಅವರಿಗೂ ಫೋನಿನಲ್ಲಿ ಕೇಳಿದ ಹಾಗೆ ಕೇಳಿದರೇ ತೃಪ್ತಿ. ಒಂದು ಮೂಲೆಯಲ್ಲಿ ಪಂಚೆ ಉಟ್ಟು ಕೂತಿದ್ದ ಮೇಲ್ವಿಚಾರಕರು, ಇಲಾಖೆಯ ಸಾಮಾನೇನಾದರೂ ಬಳಕೆಯಾಗುತ್ತಿದೆಯೇ ನೋಡಲು ಬಂದೆ ಎಂದು ಕೇಳದವರಿಗೂ ಹೇಳುತ್ತಿದ್ದರು.

ದಾಸಣ್ಣ ಬಂದು ಅಜ್ಜಿಗೆ ಕೈಮುಗಿದ. ತಾನೇ ಅವಳ ಜೋಡಿ ಎಂದ. ಅಜ್ಜಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಮೊಮ್ಮಗಳ ಕಡೆ ತಿರುಗಿದಳು. “ಇವನು ಊಟ ಮಾಡ್ತಾನೇನೇ? ಇರ್ಲಿ. ನಾನೇನು ಮಾಡ್ಬೇಕು ಈಗ?”

“ಏನೂ ಬ್ಯಾಡಜ್ಜಿ. ನೀನು ನಿಂತ್ಕಂಡ್ರೆ ಸಾಕು.”

“ಅಷ್ಟೇನಾ,” ಎಂದಳು ಜುಂಜಮ್ಮ. ಕೋಲೂರಿ ಟಾರ್ಪಾಲಿನ ಅಂಚಿನಲ್ಲಿ ನಿಂತಳು. ಕೂರು ಎಂದರೂ ಕೂರಲಿಲ್ಲ.

ಫೈನಲ್ಲಿನಲ್ಲಿ ತಲಾ ಹತ್ತು ಸರದಿ. ಹಿಂದೆ ಅರ್ಧಕ್ಕೆ ನಿಂತದ್ದನ್ನು ಬಿಟ್ಟು ಮೊದಲಿನಿಂದ ಶುರು ಮಾಡಿದರು. ಗೋವಿಂದಪ್ಪ ಕವಡೆ ಚೆಲ್ಲಿದರು. ಚೀಟಿಯ ಮೇಲೆ ಪೈಲ್ವಾನ ನಿಂತ, ಕವಣೆಯವನು ಹೊಡೆದ. ಅಜ್ಜಿ ನಿಂತಳು, ದಾಸಣ್ಣ ಹೊಡೆದ. ತನ್ನ ಹೆಸರು ಬಂದಾಗಲೆಲ್ಲ ದಾಸಣ್ಣ ನಿಜವಾಗಿ ಕಾಲೆತ್ತಿ ಗಾಳಿಗೆ ಒದೆಯುತ್ತಿದ್ದ, ಚಪ್ಪಲಿ ಎರಡು ಸಲ ಕಡ್ಲೇಕಾಯಿ ರಾಶಿಯೊಳಗೆ ಹೋಯಿತು. ಒಂದೊಂದು, ಎರಡೆರಡು, ಮೂರು ಮೂರು. ಮಿಲ್ಲಿನ ಹಮಾಲರೆಲ್ಲ ಬಂದು ಸುತ್ತ ನಿಂತರು. ಆಟ ಅರ್ಥವಾಗದವರೂ ಪಕ್ಷ ಹಿಡಿದರು. ಒಂಬತ್ತನೆಯ ಸರದಿ ಮುಗಿದಾಗ ನಾಲ್ಕು ನಾಲ್ಕು. ಹತ್ತನೆಯದರಲ್ಲಿ ಹೊಸದುರ್ಗದ ಕವಣೆಯವನು ಗುರಿ ತಪ್ಪಿದ. ಉಳಿದದ್ದು ಚಿತ್ತಮ್ಮನ ಒಂದೇ ಸರದಿ.

ಕಾವಲು ಎಲ್ಲಿ ಎಂದು ಕಾಟಲಿಂಗಪ್ಪ ಹೇಳಬೇಕಿತ್ತು. ಪಂದ್ಯದ ಉದ್ದಕ್ಕೂ ಇಬ್ಬರನ್ನೂ ಅಜ್ಜಿಯ ಮೇಲೇ ನಿಲ್ಲಿಸಿ, ದಾಸಣ್ಣನಿಂದ ನಾಲ್ಕು ಗೋಲು ಹೊಡೆಸಿಕೊಂಡಿದ್ದ. ಈಗ ಅವನು ಮೊದಲ ಸಲ ಹಿಂತಿರುಗಿ ನೋಡಿದ. ಕಂಡದ್ದು ಒಂದು ಹಿಡಿ ಮೂಳೆಯ ಮುದುಕಿ, ಬೊಚ್ಚು ಬಾಯಲ್ಲಿ ಕಡ್ಲೇಕಾಯಿ ಬೀಜ ಆಡಿಸುತ್ತ ಕೋಲಿನ ಮೇಲೆ ಒರಗಿ ನಿಂತವಳು. ಪಕ್ಕದಲ್ಲಿ ಕಾಲು ಕುಣಿಸುತ್ತಿರುವ ದಾಸಣ್ಣ. ಅವನಿಗೆ ಚೀಟಿಯ ಮೇಲಿನ ಅಂಕಿ ಮರೆತೇಹೋಯಿತು.

“ಅಜ್ಜಿ ಮೇಲೆ ಒಬ್ಬ ಸಾಕು,” ಎಂದ. “ಇನ್ನೊಬ್ಬ ದಾಸಣ್ಣನ ಮೇಲೆ.”

ಚಿತ್ತಮ್ಮನ ಬೆನ್ನು ಅವನ ಕಡೆಗಿತ್ತು, ಮುಖದ ನಗು ಅವನಿಗೆ ಕಾಣಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಎರಡು ಉಸಿರು ಸುಧಾರಿಸಿಕೊಂಡಳು. ಆಮೇಲೆ ನಾಲ್ಕು ವರ್ಷದಲ್ಲಿ ಟ್ರಂಕ್ ಲೈನಿನ ಮೇಲೆ ಎಂದೂ ಆಡದಷ್ಟು ಮೆಲ್ಲಗೆ ಹೇಳಿದಳು, “ಜುಂಜಮ್ಮ ನುಗ್ತಾಳೆ.”

ಮೂಲೆಯಿಂದ ಮೊದಲು ಕೂಗಿದವರು ಮೇಲ್ವಿಚಾರಕರು. ಒಬ್ಬ ಕಾವಲು ಲೆಕ್ಕಕ್ಕಿಲ್ಲ, ಒಂಬತ್ತು ಪೂರಾ ಇದೆ, ಒಂದು ಕವಡೆ ಬಿದ್ದರೆ ಸಾಕು ಎಂದು ನಿಯಮವನ್ನು ಬಾಯಿಪಾಠ ಒಪ್ಪಿಸಿದರು. ಕಾಟಲಿಂಗಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಗೋವಿಂದಪ್ಪ ಕವಡೆಯನ್ನು ಅಜ್ಜಿಯ ಕೈಗೇ ಕೊಟ್ಟರು. ಅವಳು ಬೀಜ ಬಿತ್ತುವ ಹಾಗೆ ಸಲೀಸಾಗಿ ಚೆಲ್ಲಿದಳು. ನಾಲ್ಕು ಮೇಲಕ್ಕೆ, ಎರಡು ಬೋರಲು.

ಅಂಗಳ ಎದ್ದು ಕುಣಿಯಿತು. ದಾಸಣ್ಣ ಅಜ್ಜಿಯನ್ನು ಎತ್ತಿಕೊಳ್ಳಲು ಹೋಗಿ ಎತ್ತಲಾರದೆ ಸುಮ್ಮನಾದ. ಚಿತ್ತಮ್ಮ ಎಡಗೈಯಲ್ಲಿ ಹನುಮಮ್ಮನನ್ನು, ಬಲಗೈಯಲ್ಲಿ ಸೋತ ಕಾಟಲಿಂಗಪ್ಪನನ್ನು ಹಿಡಿದು ಗಿರಗಿರ ಸುತ್ತಿದಳು. ಗುಡ್ಡದ ಮೇಲಿನ ಕೋಟೆ, ಎಣ್ಣೆಯ ಡಬ್ಬಗಳು, ಗೋವಿಂದಪ್ಪನ ಬಿಳಿ ತಲೆ ಎಲ್ಲ ಒಂದಾಗಿ ತಿರುಗಿದವು. ಕಾಟಲಿಂಗಪ್ಪನೂ ನಗುತ್ತಿದ್ದ, ತನ್ನ ನಿಯಮದಿಂದಲೇ ತಾನು ಸೋತದ್ದು ಅವನಿಗೆ ಹೆಮ್ಮೆಯೇ ಆದಂತಿತ್ತು.

ಚಿತ್ರಲಿಂಗಪ್ಪ ಗೋಣಿಯಲ್ಲಿ ಸುತ್ತಿಟ್ಟಿದ್ದ ಬಹುಮಾನ ತಂದರು. ದಾವಣಗೆರೆಯಿಂದ ತರಿಸಿದ ಚರ್ಮದ ಫುಟ್‌ಬಾಲ್. ಚಿತ್ತಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು, ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದಳು. ಒದ್ದು ನೋಡು ಎಂದ ಕಾಟಲಿಂಗಪ್ಪ. ಅವಳು ಅತ್ತಿತ್ತ ನೋಡಿ, ಸೆರಗು ಸೊಂಟಕ್ಕೆ ಬಿಗಿದು, ನಿರಿಗೆ ಎತ್ತಿ ಸಿಕ್ಕಿಸಿ, ನಾಲ್ಕು ಹೆಜ್ಜೆ ಓಡಿ ಬಂದು ಒದ್ದಳು.

ಚೆಂಡು ನೇರ ಮೇಲಕ್ಕೆ ಹೋಯಿತು. ಎಲ್ಲರ ಗೋಣೂ ಅದರ ಜೊತೆ ಏರಿತು. ಗಾಣದ ಚಾವಣಿಯ ತಗಡಿಗೆ ಧಡ್ ಎಂದು ಬಡಿದು, ಪುಟಿದು, ಕಾಂಪೌಂಡಿನಾಚೆ ಬೀದಿಗೆ ಬಿತ್ತು. ಅಲ್ಲಿಂದ ಇಳಿಜಾರು, ಸಂತೆಹೊಂಡದ ಕಡೆಗೆ. ಚೆಂಡು ಉರುಳುವ ಸದ್ದಿಗಿಂತ ಮುಂಚೆ ಚಿತ್ತಮ್ಮ ಗೇಟು ದಾಟಿದ್ದಳು. ಅವಳ ಹಿಂದೆ ಕಾಟಲಿಂಗಪ್ಪ, ಅವನ ಹಿಂದೆ ದಾಸಣ್ಣ, ಹಮಾಲರು, ಪಂಚೆ ಎತ್ತಿ ಕಟ್ಟಿದ ಮೇಲ್ವಿಚಾರಕರು. ಬೀದಿಯ ಜಗಲಿಗಳಲ್ಲಿ ಕೂತವರು ಏನು ಹೊತ್ತಿಕೊಂಡಿತೋ ಎಂದು ಎದ್ದು ನಿಂತರು. ಚಿತ್ತಮ್ಮ ಯಾರಿಗೂ ಉತ್ತರ ಹೇಳಲಿಲ್ಲ. ಬರಿಗಾಲಲ್ಲಿ, ಜಡೆ ಬಿಚ್ಚಿ, ಗಂಟಲು ತುಂಬ ನಗುತ್ತ, ಆ ಚೆಂಡಿನ ಹಿಂದೆ ಓಡಿಯೇ ಓಡಿದಳು.